‘ಕತ್ತಲಾಯಿತು’ ಅಂದರೆ ಏನಾಯಿತು? ಸತ್ಯವೇದದ ಒಂದು ಗ್ರೀಕ್ ಪದವನ್ನು ನೀವೇ ಬಿಡಿಸಿ ನೋಡುವ ಬಗೆ

ಗುರುವಾರ ಸಂಜೆ ನಮ್ಮ ಮನೆಯಲ್ಲಿ ಏಳೆಂಟು ಜನ ಸೇರಿ ಸತ್ಯವೇದ, ಅಂದರೆ ಬೈಬಲ್, ಓದುತ್ತೇವೆ. ಒಂದು ವಾರ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೇ ಅಧ್ಯಾಯ ನಡೆಯುತ್ತಿತ್ತು. 21ನೇ ವಚನದಲ್ಲಿ ಜನರ ಮನಸ್ಸು ಕತ್ತಲಾಯಿತು ಅಂತ ಬಂತು. ಹಿಂದಿನ ಬೀದಿಯ ಅಜ್ಜಿ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೇಳಿದರು: “ಕತ್ತಲಾಯ್ತು ಅಂತ ಬರೆದವ್ರೆ. ಹಂಗಾದ್ರೆ ಮೊದ್ಲು ಬೆಳಕಿತ್ತೇನಪ್ಪಾ?”

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವ ಬದಲು ಮೊಬೈಲ್ ತೆಗೆದೆ. ಹೊಸ ಒಡಂಬಡಿಕೆಯ ಮೂಲ ಭಾಷೆ ಗ್ರೀಕ್, ಆಪ್‌ನಲ್ಲಿ ಒಂದೊಂದು ಗ್ರೀಕ್ ಪದಕ್ಕೂ ಒಂದು ನಂಬರ್ ಇರುತ್ತದೆ. ಆ ನಂಬರ್ ಒತ್ತಿದೆ. ಪಟ್ಟಿ ಬಂತು. “ಇದೇ ಪದ ಎಫೆಸದವರಿಗೆ 4:18ರಲ್ಲೂ ಇದೆ, ಒಟ್ಟು 8 ಸಲ ಬರುತ್ತೆ” ಅಂತ ಜೋರಾಗಿಯೇ ಹೇಳಿದೆ. ಎದುರಿಗೆ ಕೂತಿದ್ದ ಕಾಲೇಜು ಹುಡುಗ ತನ್ನ ಮೊಬೈಲ್ ತಿರುಗಿಸಿ ತೋರಿಸಿದ. “ಅಂಕಲ್, ನನ್ನ ಆಪ್‌ನಲ್ಲಿ 5 ಸಲ ಅಂತಿದೆ. ಎಫೆಸದವರಿಗೆ ಅಲ್ಲಿ ಬೇರೆ ಪದ.” ಇಬ್ಬರೂ ತಪ್ಪು ಓದಿರಲಿಲ್ಲ. ಆದರೆ ಅಜ್ಜಿಯ ಪ್ರಶ್ನೆ ಹಾಗೇ ಉಳಿಯಿತು.

ಆಮೇಲೆ ಕೆಲವು ವಾರ ಆ ಒಂದು ಪದದ ಹಿಂದೆ ಬಿದ್ದೆ. ಗ್ರೀಕ್ ಪಂಡಿತನಾಗದೆ, ಒಂದು ಫೋನು, ಒಂದು ನೋಟ್‌ಬುಕ್, ನಿಮ್ಮ ಕನ್ನಡ ಸತ್ಯವೇದ ಇಷ್ಟರಲ್ಲೇ ಎಷ್ಟು ದೂರ ಹೋಗಬಹುದು ಅನ್ನುವುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಉದಾಹರಣೆಗೆ ಅದೇ ಪದ. ಬೇರೆ ಪದಕ್ಕೂ ಇದೇ ದಾರಿ.

ಮೊದಲ ಹೆಜ್ಜೆ: ಪದವನ್ನು ಬಾಯಲ್ಲಿ ಹೇಳಿ

ಪದ ‘ಸ್ಕೊತಿಝೋ’. ಕತ್ತಲು ಮಾಡು ಅಂತ ಅರ್ಥ. ‘ಸ್ಕೊತೊಸ್’ ಅಂದರೆ ಕತ್ತಲು. ಅದರಿಂದ ಹುಟ್ಟಿದ ಕ್ರಿಯಾಪದ ಇದು.

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಗ್ರೀಕಿನಲ್ಲಿ ಎ ಬೇರೆ, ಏ ಬೇರೆ. ಒ ಬೇರೆ, ಓ ಬೇರೆ. ಎಪ್ಸಿಲಾನ್ ನಮ್ಮ ಎ, ಈಟಾ ನಮ್ಮ ಏ. ಒಮಿಕ್ರಾನ್ ನಮ್ಮ ಒ, ಒಮೇಗಾ ನಮ್ಮ ಓ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ತಲೆಯ ಮೇಲೆ ಗೆರೆ ಎಳೆಯಬೇಕು. ನಮಗೆ ಬೇರೆ ಬೇರೆ ಅಕ್ಷರವೇ ಇದೆ. ತ ಮತ್ತು ಥ ಕೂಡ ಹಾಗೆ. ಅದಕ್ಕೆ ನೋಟ್‌ಬುಕ್‌ನಲ್ಲಿ ಗ್ರೀಕ್ ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. ಕಣ್ಣಿಗೂ ಹಿತ, ನೆನಪಿಗೂ ಹಿತ.

ಬಳಗವನ್ನೂ ಒಂದು ಮೂಲೆಯಲ್ಲಿ ಬರೆದಿಡಿ. ಸ್ಕೊತೊಸ್, ಕತ್ತಲು. ಸ್ಕೊತಿಯಾ, ಅದೂ ಕತ್ತಲೆಯೇ, ಯೋಹಾನನಿಗೆ ಪ್ರಿಯವಾದ ಪದ. ಸ್ಕೊತೆಯ್ನೊಸ್, ಕತ್ತಲು ತುಂಬಿದ. ಸ್ಕೊತಿಝೋ ಮತ್ತು ಸ್ಕೊತೊಓ, ಇವೆರಡು ಅಣ್ಣತಮ್ಮ ಕ್ರಿಯಾಪದಗಳು. ಈ ಅಣ್ಣತಮ್ಮಂದಿರೇ ಆವತ್ತು ನನ್ನ ಮಾನ ಕಳೆದದ್ದು.

ಎರಡನೇ ಹೆಜ್ಜೆ: ನಂಬರ್ ನಂಬುವ ಮೊದಲು ಅದು ಯಾರ ನಂಬರ್ ಅಂತ ನೋಡಿ

ಬ್ಲೂ ಲೆಟರ್ ಬೈಬಲ್, ಬೈಬಲ್ ಹಬ್, ಸ್ಟೆಪ್ ಬೈಬಲ್, ಮೂರೂ ದುಡ್ಡಿಲ್ಲದೆ ಸಿಗುತ್ತವೆ. ವಚನ ತೆಗೆದು ಪದ ಮುಟ್ಟಿದರೆ ಗ್ರೀಕ್ ರೂಪ, ಅದರ ನಂಬರ್, ಅದು ಬರುವ ಬೇರೆ ವಚನಗಳು ಎಲ್ಲ ಬರುತ್ತವೆ. ಆ ನಂಬರ್ ಹಾಕಿದ್ದು ಜೇಮ್ಸ್ ಸ್ಟ್ರಾಂಗ್. ಅವರ ಪದಸೂಚಿ ಅಚ್ಚಾದದ್ದು 1890ರಲ್ಲಿ. ಸ್ಕೊತಿಝೋಗೆ 4654. ಸ್ಕೊತೊಓಗೆ 4656.

ಸ್ಟ್ರಾಂಗ್ ಸೂಚಿ ಮಾಡಿದ್ದು 1611ರ ಕಿಂಗ್ ಜೇಮ್ಸ್ ಅನುವಾದಕ್ಕೆ. ಆ ಅನುವಾದದ ಹಿಂದಿರುವುದು 16ನೇ ಶತಮಾನದಲ್ಲಿ ಅಚ್ಚಾದ ಗ್ರೀಕ್ ಪಠ್ಯ. 1516ರಲ್ಲಿ ಎರಾಸ್ಮಸ್ ಅನ್ನುವ ಪಂಡಿತ ಶುರು ಮಾಡಿದ ಸಾಲಿನದು. ಆಮೇಲೆ ಇನ್ನೂ ಹಳೆಯ ಕೈಬರಹದ ಪ್ರತಿಗಳು ಪಂಡಿತರ ಕೈಗೆ ಬಂದವು. ಈಗಿನ ಗ್ರೀಕ್ ಪಠ್ಯ ಅವುಗಳನ್ನು ತೂಗಿ ನೋಡಿ ಕಟ್ಟಿದ್ದು. ಎರಡರ ನಡುವೆ ಅಲ್ಲಲ್ಲಿ ಒಂದೆರಡು ಅಕ್ಷರದ ವ್ಯತ್ಯಾಸ. ನಮ್ಮ ಪದದ ವಿಷಯದಲ್ಲಿ ಮೂರು ಕಡೆ.

ಹಳೆಯ ಪಠ್ಯದಲ್ಲಿ ಸ್ಕೊತಿಝೋ 8 ಸಲ ಬರುತ್ತದೆ. ಮತ್ತಾಯ 24:29, ಮಾರ್ಕ 13:24, ಲೂಕ 23:45, ರೋಮಾಪುರದವರಿಗೆ 1:21 ಮತ್ತು 11:10, ಎಫೆಸದವರಿಗೆ 4:18, ಪ್ರಕಟನೆ 8:12 ಮತ್ತು 9:2. ಅದರ ತಮ್ಮ ಸ್ಕೊತೊಓ ಒಂದೇ ಸಲ, ಪ್ರಕಟನೆ 16:10ರಲ್ಲಿ. ಈಗಿನ ಪಠ್ಯದಲ್ಲಿ ಎಫೆಸದವರಿಗೆ 4:18, ಪ್ರಕಟನೆ 9:2 ಎರಡೂ ತಮ್ಮನ ಪಾಲಿಗೆ ಹೋಗುತ್ತವೆ. ಲೂಕ 23:45ರಲ್ಲಿ ಇಬ್ಬರೂ ಇಲ್ಲ, ಬೇರೆಯೇ ಪದ ಇದೆ. ಹಾಗಾಗಿ ಅಣ್ಣನಿಗೆ 5, ತಮ್ಮನಿಗೆ 3. ನನ್ನ ಎಂಟಕ್ಕೂ ಆ ಹುಡುಗನ ಐದಕ್ಕೂ ಜಗಳ ಇಲ್ಲಿತ್ತು.

ಎಫೆಸದವರಿಗೆ ಪತ್ರಿಕೆಯಲ್ಲಿ ವ್ಯತ್ಯಾಸ ಎಷ್ಟು ಸಣ್ಣದು ನೋಡಿ: ಎಸ್ಕೊತಿಸ್ಮೆನೊಯ್, ಎಸ್ಕೊತೋಮೆನೊಯ್. ಅರ್ಥ ಅದೇ. ಅದರಿಂದ ಒಬ್ಬರ ನಂಬಿಕೆಯೂ ಅಲ್ಲಾಡುವುದಿಲ್ಲ. ಆದರೆ “ಪೌಲ ಎರಡು ಕಡೆಯೂ ಇದೇ ಪದ ಹಾಕಿದ್ದಾನೆ” ಅಂತ ಜೋರಾಗಿ ಹೇಳುವ ಮೊದಲು ಎರಡು ಆಪ್ ನೋಡಿಬಿಡಿ, ಅಷ್ಟೇ.

ಮೂರನೇ ಹೆಜ್ಜೆ: ಕತ್ತಲಾದದ್ದು ಏನು?

ನಿಘಂಟು ತೆರೆಯುವ ಮೊದಲು ಪಟ್ಟಿಯಲ್ಲಿರುವ ಒಂದೊಂದೇ ವಚನ ಓದಿ, ಎದುರಿಗೆ ಒಂದೇ ಪದ ಬರೆಯಿರಿ. ಏನು ಕತ್ತಲಾಯಿತು? ನಾನು ಬರೆದದ್ದು ಹೀಗೆ. ಮತ್ತಾಯ, ಮಾರ್ಕ: ಸೂರ್ಯ. ರೋಮಾ 1: ಮನಸ್ಸು. ರೋಮಾ 11: ಕಣ್ಣು. ಎಫೆಸ: ಬುದ್ಧಿ. ಪ್ರಕಟನೆ 8: ಸೂರ್ಯ, ಚಂದ್ರ, ನಕ್ಷತ್ರಗಳ ಮೂರನೇ ಒಂದು ಭಾಗ. ಪ್ರಕಟನೆ 9: ಸೂರ್ಯ, ಗಾಳಿ. ಪ್ರಕಟನೆ 16: ಮೃಗದ ರಾಜ್ಯ.

ಬರೆದು ನೋಡಿದರೆ ಎರಡು ಗುಂಪು ತಾವಾಗಿಯೇ ಬೀಳುತ್ತವೆ. ಪೌಲನ ಪತ್ರಿಕೆಗಳಲ್ಲಿ ಕತ್ತಲಾಗುವುದು ಮನುಷ್ಯನ ಒಳಗೆ: ಮನಸ್ಸು, ಕಣ್ಣು, ಬುದ್ಧಿ. ಸುವಾರ್ತೆಗಳಲ್ಲಿ, ಪ್ರಕಟನೆಯಲ್ಲಿ ಕತ್ತಲಾಗುವುದು ಹೊರಗೆ. ಇದನ್ನು ಯಾವ ನಿಘಂಟೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಪಟ್ಟಿ ಮಾಡಿದರೆ ಸಾಕಿತ್ತು.

ಪ್ರಕಟನೆ 9:2ರಲ್ಲಿ ಕತ್ತಲು ಬರುವುದು ಹೊಗೆಯಿಂದ. ದೊಡ್ಡ ಕುಲುಮೆಯ ಹೊಗೆಯ ಹಾಗೆ ಅಂತ ವಚನವೇ ಹೇಳುತ್ತದೆ. ಸೂರ್ಯ ಆರಿಹೋಗಿಲ್ಲ. ನಡುವೆ ಏನೋ ಬಂದಿದೆ. ಕಬ್ಬಿನ ತರಗು ಸುಡುವ ದಿನ ಗದ್ದೆ ಬಯಲಿನಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಒಂದು ಎಚ್ಚರ. ಕ್ರಿಯಾಪದದ ನಂಬರ್ ಮಾತ್ರ ಹುಡುಕಿದರೆ ಇದೇ ಮಾತನ್ನು ಬೇರೆ ರೀತಿ ಹೇಳಿದ ವಚನಗಳು ತಪ್ಪಿಹೋಗುತ್ತವೆ. ಅಪೊಸ್ತಲರ ಕೃತ್ಯಗಳು 2:20ರಲ್ಲಿ ಪೇತ್ರ ಪ್ರವಾದಿ ಯೋವೇಲನ ಮಾತು ಹೇಳುತ್ತಾನೆ, ಸೂರ್ಯ ಕತ್ತಲೆಯಾಗಿ ಮಾರ್ಪಡುತ್ತಾನೆ ಅಂತ. ಅಲ್ಲಿರುವುದು ನಾಮಪದ ಸ್ಕೊತೊಸ್. ಅದಕ್ಕೇ ಬಳಗವನ್ನು ಮೂಲೆಯಲ್ಲಿ ಬರೆದಿಡಿ ಅಂದದ್ದು.

ನಾಲ್ಕನೇ ಹೆಜ್ಜೆ: ಕ್ರಿಯಾಪದದ ಬಾಲ ಹಿಡಿಯಿರಿ

ನನ್ನ ಪ್ರಕಾರ ಇದೇ ಮುಖ್ಯ ಹೆಜ್ಜೆ. ಹೆಚ್ಚಿನವರು ಹಾರಿ ಹೋಗುವುದೂ ಇದನ್ನೇ. ಪದದ ಮೂಲ ಅರ್ಥ ಸಿಕ್ಕಿದ ಕೂಡಲೇ ಆಪ್ ಮುಚ್ಚಿಬಿಡುತ್ತೇವೆ. ಅಜ್ಜಿಯ ಪ್ರಶ್ನೆ ಇದ್ದದ್ದು ಮೂಲದಲ್ಲಿ ಅಲ್ಲ, ‘ಆಯಿತು’ ಅನ್ನುವ ಬಾಲದಲ್ಲಿ.

ರೋಮಾಪುರದವರಿಗೆ 1:21ರ ರೂಪವನ್ನೇ ಬಿಚ್ಚೋಣ. ‘ಎಸ್ಕೊತಿಸ್ಥೇ’. ಮುಂದಿನ ‘ಎ’ ನಡೆದುಹೋದದ್ದರ ಗುರುತು. ನಡುವೆ ‘ಸ್ಕೊತಿಸ್’, ಪದದ ಒಡಲು. ಕೊನೆಯ ‘ಥೇ’, ಕರ್ಮಣಿಯ ಗುರುತು. ಮಾಡಿದವರ ಹೆಸರಿಲ್ಲ, ಆದದ್ದು ಮಾತ್ರ ಇದೆ. ಒಟ್ಟು ‘ಕತ್ತಲಾಯಿತು’. ಗ್ರೀಕಿನವರು ಇದಕ್ಕೆ ಅಓರಿಸ್ಟ್ ಅನ್ನುತ್ತಾರೆ. ಆಪ್‌ನಲ್ಲಿ ಪದ ಮುಟ್ಟಿದಾಗ ಈ ವಿವರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಓದಿ.

ಈಗ ಎಲ್ಲ ರೂಪಗಳನ್ನೂ ಪಕ್ಕಪಕ್ಕ ಇಡೋಣ. ಕನ್ನಡದ ಬಾಲ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ.

ಎಸ್ಕೊತಿಸ್ಥೇ (ರೋಮಾ 1:21): ಕತ್ತಲಾಯಿತು.
ಸ್ಕೊತಿಸ್ಥೇಸೆತೈ (ಮತ್ತಾಯ 24:29, ಮಾರ್ಕ 13:24): ಕತ್ತಲಾಗುವುದು.
ಸ್ಕೊತಿಸ್ಥೇತೋಸನ್ (ರೋಮಾ 11:10): ಕತ್ತಲಾಗಲಿ.
ಹಿನಾ ಸ್ಕೊತಿಸ್ಥೇ (ಪ್ರಕಟನೆ 8:12): ಕತ್ತಲಾಗುವ ಹಾಗೆ.
ಎಸ್ಕೊತೋಮೆನೊಯ್ ಒಂತೆಸ್ (ಎಫೆಸ 4:18): ಕತ್ತಲಾಗಿ ಇರುವವರು.

ಮೂರನೆಯದು ನೋಡಿ. ‘ಅವರ ಕಣ್ಣುಗಳು ಕತ್ತಲಾಗಲಿ.’ ಎದುರಿಗೆ ಇಲ್ಲದವರ ಬಗ್ಗೆ ಹೇಳುವ ‘ಆಗಲಿ, ಹೋಗಲಿ, ಬರಲಿ’ ಇಂಗ್ಲಿಷಿನಲ್ಲಿ ಒಂದೇ ಪದದಲ್ಲಿ ಬರುವುದಿಲ್ಲ. ಗ್ರೀಕಿನಲ್ಲಿ ಬರುತ್ತದೆ. ಕನ್ನಡದಲ್ಲಿ ಬರುತ್ತದೆ. ಹಾರೈಕೆ, ಶಾಪ, ಎರಡಕ್ಕೂ ನಾವು ದಿನಾ ಬಳಸುವ ಬಾಲ ಅದು.

ಕೊನೆಯದು ಇನ್ನೂ ಸೊಗಸು. ಎಸ್ಕೊತೋಮೆನೊಯ್ ಅಂದರೆ ‘ಕತ್ತಲಾಗಿ’. ಒಂತೆಸ್ ಅಂದರೆ ‘ಇರುವವರು’. ಹಿಂದೆ ಯಾವಾಗಲೋ ಆಗಿದೆ, ಈಗಲೂ ಹಾಗೇ ಇದೆ. ನಮ್ಮ ‘ಆಗಿ’ ಮತ್ತು ‘ಇರು’ ಸೇರಿ ಮಾಡುವ ಕೆಲಸವೇ ಅದು. ಹಾಲು ಒಡೆದಿದೆ, ಬಾಗಿಲು ಮುಚ್ಚಿದೆ, ಬುದ್ಧಿ ಮಂಕಾಗಿದೆ.

ಒಂದು ಕಡೆ ಎಡವಬೇಡಿ. ಎಸ್ಕೊತಿಸ್ಥೇ, ಎಸ್ಕೊತೋಮೆನೊಯ್ ಎರಡಕ್ಕೂ ಮುಂದೆ ‘ಎ’ ಇದೆ. ಮೊದಲನೆಯದು ಭೂತಕಾಲದ ಗುರುತು. ಎರಡನೆಯದು ಬೇರೆ. ಆಗಿ ಉಳಿದ ಸ್ಥಿತಿಯನ್ನು ಹೇಳಲು ಗ್ರೀಕಿನಲ್ಲಿ ಮೊದಲ ಅಕ್ಷರ ಎರಡು ಸಲ ಬರಬೇಕು. ‘ಸ್ಕ’ ಥರ ಒತ್ತಕ್ಷರದಿಂದ ಶುರುವಾದಾಗ ಅದು ನಾಲಿಗೆಗೆ ತಿರುಗುವುದಿಲ್ಲ ಅಂತ ಬರೀ ‘ಎ’ ಹಾಕಿ ಸುಮ್ಮನಾಗುತ್ತಾರೆ. ಹಾಗಾಗಿ ‘ಎ’ ನೋಡಿದ ಕೂಡಲೇ ತೀರ್ಮಾನ ಮಾಡದೆ ಆಪ್‌ನ ಸಣ್ಣ ಅಕ್ಷರ ನೋಡಿ.

ಹೊಸ ಒಡಂಬಡಿಕೆಯಲ್ಲಿ ಈ ಎರಡೂ ಕ್ರಿಯಾಪದಗಳು ಎಲ್ಲ ಕಡೆಯೂ ಕರ್ಮಣಿಯಲ್ಲೇ ಬರುತ್ತವೆ. ‘ಇಂಥವನು ಕತ್ತಲು ಮಾಡಿದ’ ಅಂತ ಒಂದು ಕಡೆಯೂ ಇಲ್ಲ. ಇದನ್ನು ಕನ್ನಡಕ್ಕೆ ತರುವಾಗ ಕೆಲವರು ‘ಕತ್ತಲೆಗೊಳಿಸಲ್ಪಟ್ಟಿತು’ ಅಂತ ಬರೆಯುತ್ತಾರೆ. ದಯವಿಟ್ಟು ಬೇಡ. ಹಾಗೆ ಮಾತಾಡುವ ಕನ್ನಡಿಗ ಇನ್ನೂ ಹುಟ್ಟಿಲ್ಲ. ‘ಕತ್ತಲಾಯಿತು’ ಅಂದರೆ ಸಾಕು. ಮಾಡಿದವರನ್ನು ಮರೆಯಲ್ಲಿ ಇಡುವುದು ‘ಆಗು’ ಅನ್ನುವ ಪುಟ್ಟ ಪದಕ್ಕೆ ಚೆನ್ನಾಗಿ ಗೊತ್ತು.

ಹಾಗಾದರೆ ರೋಮಾ 1:21ರಲ್ಲಿ ಕತ್ತಲು ಮಾಡಿದ್ದು ಯಾರು? ದೇವರೇ ಅಂತ ಕೆಲವರು. ಅವರ ನಡತೆಯ ಫಲ ಅಂತ ಕೆಲವರು. ಪದ ಬಾಯಿ ಬಿಡುವುದಿಲ್ಲ, ಸುತ್ತಲ ವಚನಗಳನ್ನು ಕೇಳಬೇಕು. 24, 26, 28ನೇ ವಚನಗಳಲ್ಲಿ ಮೂರು ಸಲ ‘ದೇವರು ಅವರನ್ನು ಒಪ್ಪಿಸಿಬಿಟ್ಟನು’ ಅನ್ನುವ ಮಾತು ಬರುತ್ತದೆ. ಅಲ್ಲಿ ಮಾಡಿದವನ ಹೆಸರಿದೆ. 21ರಲ್ಲಿ ಇಲ್ಲ. ಆ ಮೌನವನ್ನು ಹಾಗೇ ಬಿಡುವುದು ಸರಿ ಅಂತ ನನಗೆ ಕಾಣುತ್ತದೆ. 24ರಲ್ಲಿ ಹೇಳಿದ್ದನ್ನು 21ಕ್ಕೆ ಎಳೆದು ತಂದು ತುಂಬಬೇಕಾಗಿಲ್ಲ.

ಅಜ್ಜಿಗೆ ಉತ್ತರವೂ ಅದೇ ವಚನದಲ್ಲಿ ಇತ್ತು. ಮೊದಲ ಅರ್ಧ ಓದಿ. ಅವರಿಗೆ ದೇವರು ಗೊತ್ತಿದ್ದ. ಗೊತ್ತಿದ್ದೂ ಘನಪಡಿಸಲಿಲ್ಲ, ಉಪಕಾರ ನೆನೆಯಲಿಲ್ಲ. ಆಮೇಲೆ ಕತ್ತಲಾಯಿತು. ಹೌದು ಅಜ್ಜಿ, ಮೊದಲು ಬೆಳಕಿತ್ತು.

ಐದನೇ ಹೆಜ್ಜೆ: ಹಳೇ ಒಡಂಬಡಿಕೆಯ ಗ್ರೀಕನ್ನೂ ತೆರೆಯಿರಿ

ಯೇಸುವಿಗಿಂತ ಮೊದಲೇ ಹೀಬ್ರೂ ಗ್ರಂಥಗಳು ಗ್ರೀಕಿಗೆ ಅನುವಾದ ಆಗಿದ್ದವು. ಸೆಪ್ಟುಅಜಿಂಟ್ ಅಂತ ಹೆಸರು. ಪೌಲ, ಮತ್ತಾಯ ಇಂಥವರು ಹಳೆಯ ಮಾತು ಎತ್ತಿಕೊಳ್ಳುವಾಗ ಬಹಳ ಸಲ ಇದೇ ಗ್ರೀಕ್ ಕೇಳಿಸುತ್ತದೆ. ಸ್ಟೆಪ್ ಬೈಬಲ್‌ನಲ್ಲಿ ಇದೂ ಸಿಗುತ್ತದೆ.

ರೋಮಾ 11:10 ಕೀರ್ತನೆ 69:23ರಿಂದ ಬಂದದ್ದು. ಅಲ್ಲಿ ಹೀಬ್ರೂ ಪದ ‘ಹಾಷಕ್’, ಕತ್ತಲಾಗು. ಸೆಪ್ಟುಅಜಿಂಟ್ ಅದಕ್ಕೆ ‘ಸ್ಕೊತಿಸ್ಥೇತೋಸನ್’ ಅಂದಿದೆ. ಪೌಲ ಅದೇ ರೂಪವನ್ನು ಎತ್ತಿಕೊಂಡಿದ್ದಾನೆ. ಹುಡುಕುವಾಗ ಒಂದು ತಲೆಬಿಸಿ: ಸೆಪ್ಟುಅಜಿಂಟ್‌ನಲ್ಲಿ ಬಹುಪಾಲು ಕೀರ್ತನೆಗಳ ಲೆಕ್ಕ ಒಂದು ಹಿಂದೆ. ನಮ್ಮ 69 ಅಲ್ಲಿ 68. ಮೇಲೆ ಬರೆದ ತಲೆಬರಹವನ್ನೂ ಒಂದು ವಚನವಾಗಿ ಎಣಿಸುವುದರಿಂದ 23 ಹೋಗಿ 24 ಆಗುತ್ತದೆ. ನಮ್ಮ 69:23 ಅಲ್ಲಿ 68:24. ಇದು ಗೊತ್ತಿಲ್ಲದೆ ಒಂದು ಸಂಜೆ ಪೂರ್ತಿ ತಪ್ಪು ಕೀರ್ತನೆ ಓದುತ್ತಾ ಕೂತಿದ್ದೆ.

ಮತ್ತಾಯ 24:29ಕ್ಕೆ ಯೆಶಾಯ 13:10 ತೆರೆಯಿರಿ. ‘ಸೂರ್ಯ ಕತ್ತಲಾಗುವುದು, ಚಂದ್ರ ತನ್ನ ಬೆಳಕು ಕೊಡದು.’ ಎರಡೂ ಕಡೆ ‘ಸ್ಕೊತಿಸ್ಥೇಸೆತೈ’. ಚಂದ್ರನ ಮಾತೂ ಹೆಚ್ಚುಕಮ್ಮಿ ಹಾಗೇ, ಬೆಳಕು ಅನ್ನುವ ಪದ ಮಾತ್ರ ಬೇರೆ. ಈಗ ಯೆಶಾಯ 13:1ಕ್ಕೆ ಹೋಗಿ. ಇದು ಬಾಬೆಲಿನ ಮೇಲಿನ ದೈವೋಕ್ತಿ. 17ರಲ್ಲಿ ಬಾಬೆಲಿನ ಮೇಲೆ ಬರುವ ಮೇದ್ಯರ ಹೆಸರು ಬರುತ್ತದೆ. ಬಾಬೆಲು ಪರ್ಷಿಯಾದ ಕೋರೆಷನ ಕೈಗೆ ಬಿದ್ದದ್ದು ಕ್ರಿ.ಪೂ. 539ರಲ್ಲಿ. ಒಂದು ದೊಡ್ಡ ರಾಜ್ಯ ಮಗುಚುವುದನ್ನು ಪ್ರವಾದಿ ಸೂರ್ಯ ಚಂದ್ರರ ಮಾತಿನಲ್ಲಿ ಹೇಳುತ್ತಾನೆ. ಮತ್ತಾಯ 24 ಓದುವಾಗ ಇದು ಕಿವಿಯಲ್ಲಿ ಇರಬೇಕು. ಯೇಸು ಹೇಳಿದ್ದು ಆಕಾಶದ ಬಗ್ಗೆಯಾ, ರಾಜ್ಯಗಳ ಬಗ್ಗೆಯಾ, ಎರಡೂನಾ ಅನ್ನುವ ವಾದ ಹಳೆಯದು. ಆದರೆ ಆ ಮಾತು ಕೇಳಿದ ಯೆಹೂದಿಯ ಮನಸ್ಸಿಗೆ ಮೊದಲು ಬಂದದ್ದು ಗ್ರಹಣದ ಲೆಕ್ಕ ಆಗಿರಲಾರದು. ಯೆಶಾಯನೇ ಇರಬೇಕು ಅಂತ ನನ್ನ ಎಣಿಕೆ.

ಪ್ರಸಂಗಿ 12:2ನ್ನೂ ಬಿಡಬೇಡಿ. ಸೂರ್ಯ ಕತ್ತಲಾಗುವ ಮೊದಲು ಸೃಷ್ಟಿಕರ್ತನನ್ನು ನೆನೆ ಅಂತ ಅಲ್ಲಿ. ಅಲ್ಲೂ ಸ್ಕೊತಿಝೋ. ಆದರೆ ಅಲ್ಲಿ ರಾಜ್ಯವೂ ಬೀಳುತ್ತಿಲ್ಲ, ಲೋಕವೂ ಮುಗಿಯುತ್ತಿಲ್ಲ. ವಯಸ್ಸಾಗುತ್ತಿದೆ. ಮುಂದಿನ ವಚನದಲ್ಲಿ ಕಿಟಕಿಯಲ್ಲಿ ಇಣುಕುವವರು ಮಂಕಾಗುತ್ತಾರೆ. ಅದು ಕಣ್ಣಿನ ಮಾತು ಅಂತ ತುಂಬಾ ಜನ ಓದುತ್ತಾರೆ. ಒಂದೇ ಕ್ರಿಯಾಪದ ಬಾಬೆಲಿಗೂ ಆಯಿತು, ಮುಪ್ಪಿಗೂ ಆಯಿತು. ‘ಸ್ಕೊತಿಝೋ ಅಂದರೆ ಕೊನೇ ದಿನಗಳ ಪದ’ ಅಂತ ಯಾರಾದರೂ ಹೇಳಿದರೆ ಈ ವಚನ ತೋರಿಸಿ.

ಆರನೇ ಹೆಜ್ಜೆ: ಪಠ್ಯಭೇದ ಸಿಕ್ಕಿದ ಕಡೆ ನಿಂತು ನೋಡಿ

ಲೂಕ 23:44, 45. ಯೇಸು ಶಿಲುಬೆಯ ಮೇಲಿದ್ದಾಗ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಕತ್ತಲೆ. ಕಿಂಗ್ ಜೇಮ್ಸ್ ಹಿಂದಿನ ಪಠ್ಯದಲ್ಲಿ ‘ಎಸ್ಕೊತಿಸ್ಥೇ’, ಸೂರ್ಯ ಕತ್ತಲಾಯಿತು. 5ನೇ ಶತಮಾನದ ಅಲೆಕ್ಸಾಂಡ್ರಿನಸ್ ಅನ್ನುವ ಕೈಬರಹದ ಪ್ರತಿಯಲ್ಲೂ ಹಾಗೇ. ಆದರೆ 4ನೇ ಶತಮಾನದ ಸೈನಾಯಿಟಿಕಸ್, ವ್ಯಾಟಿಕನಸ್ ಪ್ರತಿಗಳಲ್ಲಿ ಬೇರೆ ಕ್ರಿಯಾಪದ ಇದೆ, ‘ಎಕ್ಲೆಯ್ಪೋ’.

ಇಲ್ಲೇ ಗಲಾಟೆ. ಗ್ರಹಣಕ್ಕೆ ಇಂಗ್ಲಿಷಿನವರು ಹೇಳುವ ‘ಎಕ್ಲಿಪ್ಸ್’ ಇದೇ ಪದದಿಂದ ಬಂದದ್ದು. ಹಾಗಾದರೆ ಲೂಕ ಸೂರ್ಯಗ್ರಹಣ ಅಂದನಾ? ಪಂಚಾಂಗ ನೋಡುವ ಯಾರನ್ನಾದರೂ ಕೇಳಿ. ಸೂರ್ಯಗ್ರಹಣ ಅಮಾವಾಸ್ಯೆಗೆ ಮಾತ್ರ. ಯೇಸುವನ್ನು ಶಿಲುಬೆಗೇರಿಸಿದ್ದು ಯೆಹೂದಿಗಳ ಪಸ್ಕ ಹಬ್ಬದ ಹೊತ್ತಿಗೆ, ಆ ಹಬ್ಬ ಬರುವುದು ಹುಣ್ಣಿಮೆಗೆ. ಆವತ್ತು ಚಂದ್ರ ಸೂರ್ಯನ ಎದುರು ಬದಿಯಲ್ಲಿ ಇರುತ್ತಾನೆ, ಅಡ್ಡ ಬರಲು ಸಾಧ್ಯವೇ ಇಲ್ಲ. ಮೇಲಾಗಿ ಖಗ್ರಾಸ ಗ್ರಹಣದ ಪೂರ್ತಿ ಕತ್ತಲು ಒಂದು ಊರಲ್ಲಿ ಏಳೂವರೆ ನಿಮಿಷ ದಾಟುವುದಿಲ್ಲ. ಇಲ್ಲಿ ಮೂರು ಗಂಟೆ. 3ನೇ ಶತಮಾನದಲ್ಲಿ ಕ್ರೈಸ್ತ ಪಂಡಿತ ಒರಿಜೆನ್ ಕೂಡ ಈ ಹುಣ್ಣಿಮೆಯ ತೊಡಕನ್ನು ಎತ್ತಿದ್ದ.

ತೊಡಕು ಬಿಡಿಸಲು ಹಳೆಯ, ಸುಲಭವಾದ ದಾರಿ ಒಂದಿದೆ. ಅದೇ ಲೇಖಕ ಆ ಪದವನ್ನು ಬೇರೆ ಕಡೆ ಹೇಗೆ ಬಳಸಿದ್ದಾನೆ ನೋಡಿ. ಒಂದೇ ಅಧ್ಯಾಯ ಹಿಂದೆ ಹೋಗಿ, ಲೂಕ 22:32. ಪೇತ್ರನಿಗೆ ಯೇಸು ಹೇಳುತ್ತಾನೆ, ನಿನ್ನ ನಂಬಿಕೆ ಕುಂದಿಹೋಗಬಾರದು ಅಂತ ಬೇಡಿಕೊಂಡಿದ್ದೇನೆ ಅಂತ. ಆ ‘ಕುಂದಿಹೋಗು’ ಅದೇ ಎಕ್ಲೆಯ್ಪೋ. 16:9ರಲ್ಲಿ ಹಣ ಮುಗಿದುಹೋಗುವುದಕ್ಕೂ ಅದೇ. ಹಾಗಾದರೆ 23:45ನ್ನು ‘ಸೂರ್ಯ ಕುಂದಿತು’ ಅಂತ ಓದಿದರೆ ಆಯಿತಲ್ವಾ? ಗ್ರಹಣ ಅನ್ನುವುದು ಆ ಪದಕ್ಕಿರುವ ಒಂದು ಅರ್ಥ, ಒಂದೇ ಅರ್ಥ ಅಲ್ಲ. ಯಾವುದೋ ಕಾಲದ ನಕಲುಗಾರನೊಬ್ಬ ಗ್ರಹಣದ ಗೊಂದಲ ಬೇಡ ಅಂತ ನೇರವಾಗಿ ‘ಕತ್ತಲಾಯಿತು’ ಅಂತ ತಿದ್ದಿರಬಹುದು ಅಂತ ಹಲವು ಪಂಡಿತರು ಹೇಳುತ್ತಾರೆ. ನನಗೂ ಅದು ಒಪ್ಪುವ ಮಾತು. ಕಷ್ಟದ ಪದವನ್ನು ಸುಲಭ ಮಾಡುವುದು ಎಲ್ಲ ಕಾಲದ ನಕಲುಗಾರರ ಚಾಳಿ.

ಏಳನೇ ಹೆಜ್ಜೆ: ಎದುರು ಪದ ಹುಡುಕಿ

ಬೇಗ ಮುಗಿಯುವ ಹೆಜ್ಜೆ ಇದು. ಸ್ಕೊತಿಝೋಗೆ ಎದುರು ‘ಫೋತಿಝೋ’, ಬೆಳಗಿಸು. ಎರಡಕ್ಕೂ ‘ಇಝೋ’ ಬಾಲ. ಅದೇ ಎಫೆಸ ಪತ್ರಿಕೆಯ 1:18 ತೆರೆಯಿರಿ. ನಿಮ್ಮ ಹೃದಯದ ಕಣ್ಣುಗಳು ಬೆಳಗಿಸಲ್ಪಟ್ಟು ಅಂತೇನೋ ಇರುತ್ತದೆ. ಅಲ್ಲಿರುವ ರೂಪವೂ 4:18ರ ಹಾಗೆ ‘ಆಗಿ ಉಳಿದ’ ಸ್ಥಿತಿಯದೇ. ಒಂದು ಕಡೆ ಬೆಳಕಾಗಿರುವ ಕಣ್ಣು, ಇನ್ನೊಂದು ಕಡೆ ಕತ್ತಲಾಗಿರುವ ಬುದ್ಧಿ. 1:18 ಮತ್ತು 4:18, ನೆನಪಿಡಲೂ ಸುಲಭ.

ಬೀಳಬಾರದ ಒಂದು ಗುಂಡಿ

ಈಗಿನ ಗ್ರೀಸ್‌ನಲ್ಲಿ ‘ಸ್ಕೊತೋನೊ’ ಅಂದರೆ ಕೊಲ್ಲು. ಅದು ನಮ್ಮ ಸ್ಕೊತೊಓದಿಂದಲೇ ಬಂದದ್ದು. ಇದು ಗೊತ್ತಾದ ದಿನ ನನಗೂ ಕೈ ತುರಿಸಿತ್ತು. ‘ಬುದ್ಧಿ ಸತ್ತವರು’ ಅಂತ ಎಫೆಸ 4:18ಕ್ಕೆ ಒಂದು ಪ್ರಸಂಗ ಮಾಡಬಹುದಲ್ಲ! ಮಾಡಬಾರದು. ಪೌಲ ಬರೆದದ್ದು 1ನೇ ಶತಮಾನದಲ್ಲಿ, ಆ ಅರ್ಥ ನೆಲೆಯಾದದ್ದು ಬಹಳ ಆಮೇಲೆ.

ಹಿಂದಕ್ಕೆ ಹೋಗುವುದೂ ಅಷ್ಟೇ ಅಪಾಯ. ‘ಕುಶಲ’ ಅಂದರೆ ಮೂಲದಲ್ಲಿ ದರ್ಭೆ ಕೊಯ್ಯುವವನು ಅಂತ ಸಂಸ್ಕೃತದವರು ಹೇಳುತ್ತಾರೆ. “ಎಲ್ಲರೂ ಕುಶಲವೇ?” ಅಂತ ಕಾಗದ ಬರೆಯುವವರು ಯಾರೂ ಹುಲ್ಲಿನ ಬಗ್ಗೆ ಕೇಳುತ್ತಿಲ್ಲ. ಪದ ಎಲ್ಲಿಂದ ಬಂತು ಅನ್ನುವುದು ಬೇರೆ, ಬರೆದವನು ಅದರಲ್ಲಿ ಏನು ಹೇಳಿದ ಅನ್ನುವುದು ಬೇರೆ.

ಹಾಗಂತ ಹಳೆಯ ಬಳಕೆ ನೋಡಲೇಬಾರದು ಅಂತಲ್ಲ. ಹಳೆಯ ಗ್ರೀಕ್ ಕವಿ ಹೋಮರನ ಕಾವ್ಯದಲ್ಲಿ ಯೋಧ ಸತ್ತಾಗ ಅವನ ಕಣ್ಣಿಗೆ ಸ್ಕೊತೊಸ್ ಕವಿಯಿತು ಅಂತ ಬರುತ್ತದೆ. ಗ್ರೀಕ್ ವೈದ್ಯರು ತಲೆಸುತ್ತಿಗೆ ಇದೇ ಬಳಗದ ಪದಗಳನ್ನು ಬಳಸುತ್ತಿದ್ದರು. ನಾವೂ ಬಿಸಿಲಲ್ಲಿ ನಿಂತು “ಕಣ್ಣು ಕತ್ತಲೆ ಬಂತು” ಅನ್ನುತ್ತೇವಲ್ಲ, ಹಾಗೆ. ಕಣ್ಣಿನ ನೋಟದಲ್ಲಿ ಒಂದು ಕಡೆ ಕಾಣದೆ ಹೋಗುವ ಕಲೆಗೆ ಕಣ್ಣಿನ ಡಾಕ್ಟರು ಇವತ್ತೂ ‘ಸ್ಕೊಟೋಮಾ’ ಅನ್ನುತ್ತಾರೆ. ಎಫೆಸ ಊರಿನ ಹಳೆಯ ತತ್ತ್ವಜ್ಞಾನಿ ಹೆರಾಕ್ಲಿಟಸ್‌ಗೆ ‘ಸ್ಕೊತೆಯ್ನೊಸ್’ ಅಂತ ಅಡ್ಡಹೆಸರಿತ್ತು. ಅವನ ಮಾತು ಯಾರಿಗೂ ಅರ್ಥ ಆಗುತ್ತಿರಲಿಲ್ಲ, ಅದಕ್ಕೆ. ಕಣ್ಣು, ಬುದ್ಧಿ, ಮಾತು, ಎಲ್ಲದರ ಮಂಕಿಗೂ ಗ್ರೀಕರು ಈ ಬಳಗವನ್ನೇ ಕರೆಯುತ್ತಿದ್ದರು ಅಂತ ಇದರಿಂದ ಗೊತ್ತಾಗುತ್ತದೆ. ಅಷ್ಟು ಸಾಕು.

ಕೊನೆಯ ಹೆಜ್ಜೆ: ನಿಮ್ಮ ಕನ್ನಡದಲ್ಲಿ ಬರೆಯಿರಿ

ಅರ್ಥ ತಿಳಿಯಿತೋ ಇಲ್ಲವೋ ಗೊತ್ತಾಗುವುದು ಇಲ್ಲೇ. ಒಂದೊಂದು ವಚನಕ್ಕೂ ನಿಮ್ಮ ಮಾತಿನಲ್ಲಿ ಒಂದು ಸಾಲು ಬರೆಯಿರಿ. ಎಲ್ಲ ಕಡೆ ‘ಕತ್ತಲಾಯಿತು’ ಅಂತಲೇ ಹಾಕಬೇಕು ಅನ್ನುವ ಹಟ ಬೇಡ. ಕತ್ತಲು, ಮಂಕು, ಮಬ್ಬು, ಮಸುಕು, ಕಾವಳ, ನಮ್ಮಲ್ಲಿ ಪದಗಳಿಗೆ ಬರ ಇಲ್ಲ. ಸಾಲದಿದ್ದರೆ 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಇದೆ. ಮಿಷನರಿಯೊಬ್ಬರು ಕಟ್ಟಿದ ಆ ನಿಘಂಟನ್ನು ಈ ಕೆಲಸಕ್ಕೆ ತೆರೆಯುವುದರಲ್ಲಿ ಒಂದು ಖುಷಿಯೂ ಇದೆ.

ನಾನು ಬರೆದದ್ದು: ಪ್ರಕಟನೆ 9:2ಕ್ಕೆ ‘ಹೊಗೆಗೆ ಸೂರ್ಯನೂ ಗಾಳಿಯೂ ಕಪ್ಪಾದವು’. 16:10ಕ್ಕೆ ‘ಅವನ ರಾಜ್ಯಕ್ಕೆ ರಾಜ್ಯವೇ ಕತ್ತಲಲ್ಲಿ ಮುಳುಗಿತು’. ಅಲ್ಲಿ ಐಗುಪ್ತದ ಮೂರು ದಿನದ ಕತ್ತಲೆ, ವಿಮೋಚನಕಾಂಡ 10, ನೆನಪಾಗಬೇಕು ಅಂತ ‘ಮುಳುಗಿತು’ ಹಾಕಿದೆ. ಎಫೆಸ 4:18ಕ್ಕೆ ‘ಅವರ ಬುದ್ಧಿಗೆ ಮಂಕು ಕವಿದಿದೆ’. ರೋಮಾ 1:21ಕ್ಕೆ ‘ತಿಳಿವಿಲ್ಲದ ಅವರ ಮನಸ್ಸು ಕತ್ತಲಾಯಿತು’. ಇಲ್ಲಿ ‘ಮನಸ್ಸು’ ಅಂತ ಹಾಕಿದ್ದಕ್ಕೆ ಕಾರಣ ಇದೆ. ಗ್ರೀಕಿನಲ್ಲಿ ‘ಕಾರ್ದಿಯಾ’, ಅಂದರೆ ಹೃದಯ. ಆದರೆ ಸತ್ಯವೇದದಲ್ಲಿ ಹೃದಯ ಬರೀ ಪ್ರೀತಿಸುವ ಜಾಗ ಅಲ್ಲ, ಯೋಚಿಸುವ ಜಾಗ. ಕನ್ನಡದಲ್ಲಿ ಎರಡೂ ಕೆಲಸ ಮಾಡುವುದು ಮನಸ್ಸು.

ರೋಮಾ 11:10ಕ್ಕೆ ‘ಅವರ ಕಣ್ಣು ಕತ್ತಲಾಗಲಿ’ ಅಂತ ಬರೆದಿದ್ದೆ. ಹಾಳೆ ತಗೊಂಡು ಗುರುವಾರ ಅಜ್ಜಿಗೆ ಓದಿ ಹೇಳಿದೆ. ಅವರು ಎರಡೂ ಕಣ್ಣಿಗೆ ಪೊರೆ ತೆಗೆಸಿಕೊಂಡವರು. ಎಲ್ಲ ಕೇಳಿ, ಆ ಒಂದು ಸಾಲಿಗೆ ತಲೆ ಅಲ್ಲಾಡಿಸಿದರು.

“ಕಣ್ಣು ಕತ್ತಲಾಗಲ್ಲಪ್ಪಾ. ಪೊರೆ ಬಂದಾಗ ನಂಗೆ ಕತ್ತಲು ಎಲ್ಲಿತ್ತು? ಬಿಸಿಲು ಇತ್ತು, ಬಿಸಿಲು ಅಂತ ಗೊತ್ತಾಗ್ತಿತ್ತು. ಎದುರಿಗೆ ನಿಂತೋರ ಮೊಕ ಮಾತ್ರ ಕಾಣ್ತಿರಲಿಲ್ಲ. ಅದ್ಕೆ ಮಬ್ಬು ಅಂತೀವಿ.”

ಮನೆಗೆ ಬಂದವರೆಲ್ಲ ಹೋದ ಮೇಲೆ ‘ಕತ್ತಲಾಗಲಿ’ ಹೊಡೆದು ಹಾಕಿ ‘ಮಬ್ಬಾಗಲಿ’ ಅಂತ ಬರೆದೆ. ಕೀರ್ತನೆಯಲ್ಲೂ ಮುಂದಿನ ಮಾತು ‘ಕಾಣದ ಹಾಗೆ’ ಅಂತಲೇ ಇದೆ. ಮತ್ತಾಯ 24:29ರ ಎದುರು ಮಾತ್ರ ಇನ್ನೂ ಪೆನ್ಸಿಲಿನಲ್ಲಿ ಬರೆದ ಮೂರು ಸಾಲು ಹಾಗೇ ಇವೆ.